ತಮ್ಮನ ಕೈಯ ಲೋಟ

ಮಲ್ಲತ್ತಹಳ್ಳಿಯ ಬೈರಪ್ಪನ ಅನುಮಾನದ ಬಗ್ಗೆ ಊರಿನಲ್ಲಿ ಯಾರೂ ಬೇಸರ ಮಾಡಿಕೊಳ್ಳುತ್ತಿರಲಿಲ್ಲ, ಯಾಕೆಂದರೆ ಅದರಲ್ಲಿ ಪಕ್ಷಪಾತ ಎನ್ನುವುದೇ ಇರಲಿಲ್ಲ. ಪಟೇಲರ ಮನೆಯ ಪಾಯಸವನ್ನೂ ಗುಡಿಯಲ್ಲಿ ಕೊಡುವ ಪ್ರಸಾದವನ್ನೂ ಅವನು ಒಂದೇ ಕಣ್ಣಿನಿಂದ ನೋಡುತ್ತಿದ್ದ. ಮದುವೆ ಮನೆಗೆ ಹೋದರೂ ಹೆಂಡತಿ ಲಿಂಗಮ್ಮ ಕಟ್ಟಿಕೊಟ್ಟ ಬುತ್ತಿ ಬಗಲಲ್ಲಿರುತ್ತಿತ್ತು. ಎಲ್ಲರ ಜೊತೆ ಪಂಕ್ತಿಯಲ್ಲಿ ಕುಳಿತು, ಎದುರಿಗೆ ಹಾಕಿದ ಎಲೆಯನ್ನು ಪಕ್ಕಕ್ಕೆ ಸರಿಸಿ, ತನ್ನ ಗಂಟು ಬಿಚ್ಚಿ ತಣ್ಣಗಾದ ಮುದ್ದೆಯನ್ನು ಮುರಿಯುತ್ತಿದ್ದ. ಮೊದಮೊದಲು ಬೀಗರು ಮುಖ ಊದಿಸಿಕೊಳ್ಳುತ್ತಿದ್ದರು. ಆಮೇಲೆ ಬಡಿಸುವವರೇ "ಬೈರಪ್ಪಂದು ಬಿಟ್ಟು ಮುಂದಕ್ಕೆ ಹೋಗ್ರೋ" ಎನ್ನುವುದು ರೂಢಿಯಾಯಿತು.

ಅದಕ್ಕೆ ಕಾರಣ ಅವನ ಅಪ್ಪನ ಸಾವು. ಬೈರಪ್ಪನಿಗೆ ಆಗತಾನೇ ಮದುವೆಯಾಗಿತ್ತು. ಹೊಲದ ಬದುವಿನ ವಿಚಾರದಲ್ಲಿ ಅಪ್ಪನಿಗೂ ದಾಯಾದಿಗಳಿಗೂ ಬಹಳ ಕಾಲದ ಜಗಳ. ಊರಿನವರು ಕೂತು ಮಾತಾಡಿ ರಾಜಿ ಮಾಡಿಸಿದರು. ರಾಜಿಯಾದ ಮೇಲೆ ದಾಯಾದಿಗಳ ಮನೆಯಲ್ಲೇ ಊಟ ಆಯಿತು. ಊಟದ ಕೊನೆಯಲ್ಲಿ ಅಪ್ಪ ಇನ್ನೊಂದು ಲೋಟ ಮಜ್ಜಿಗೆ ಕೇಳಿದ. ಚಡ್ಡಿ ಹಾಕಿಕೊಂಡು ಓಡಾಡುತ್ತಿದ್ದ ಬೈರಪ್ಪನ ತಮ್ಮ ಹನುಮಂತಯ್ಯ ಒಳಗೆ ಓಡಿ, ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ತಂದುಕೊಟ್ಟ. ಅಂದು ಸಂಜೆಯೇ ಅಪ್ಪನಿಗೆ ಹೊಟ್ಟೆನೋವು ಶುರುವಾಯಿತು. ವಾರ ಕಳೆಯುವುದರೊಳಗೆ ಅವನನ್ನು ಹೊಲದ ಅಂಚಿನಲ್ಲಿ ಮಣ್ಣು ಮಾಡಿ ಬಂದರು.

ಮದ್ದು ಹಾಕಿದ್ದಾರೆ ಎಂದಿತು ಊರು. ಊಟದಲ್ಲಿ ಗೊತ್ತಾಗದಂತೆ ಬೆರೆಸಿಕೊಡುವ ಆ ಮದ್ದು ಹೊಟ್ಟೆಯಲ್ಲಿ ಕೂತು ಆಳನ್ನೇ ತಿಂದುಹಾಕುತ್ತದೆ ಎಂದು ನಮ್ಮ ಕಡೆ ಹುಟ್ಟಿದ ಕೂಸಿಗೂ ಗೊತ್ತು. ಯಾವುದರಲ್ಲಿ ಹಾಕಿದ್ದರು ಎಂಬ ಪ್ರಶ್ನೆಗೂ ಊರೇ ಉತ್ತರ ಕೊಟ್ಟಿತು. ಕೊನೆಗೆ ಕುಡಿದ ಮಜ್ಜಿಗೆಯಲ್ಲಿ.

ಬೈರಪ್ಪ ತಮ್ಮನಿಗೆ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು. ತಿಥಿ ಮುಗಿದ ಮಾರನೆಯ ದಿನ ಹುಡುಗ ಚೊಂಬಿನಲ್ಲಿ ನೀರು ತಂದು ಹಿಡಿದಾಗ "ಅಲ್ಲಿಡು" ಎಂದ. ಹುಡುಗ ಇಟ್ಟ. ಬೈರಪ್ಪ ಅದನ್ನು ಎತ್ತಿ ಹಿತ್ತಲಿನ ಬಾಳೆಯ ಬುಡಕ್ಕೆ ಸುರಿದು, ತಾನೇ ಬಾವಿಗೆ ಹೋಗಿ ಸೇದಿಕೊಂಡು ಕುಡಿದ. ಹುಡುಗ ಬಾಗಿಲಲ್ಲಿ ನಿಂತು ನೋಡಿದ. ಆಮೇಲೆ ಯಾವತ್ತೂ ಅಣ್ಣನಿಗೆ ಏನನ್ನೂ ತಂದುಕೊಡಲಿಲ್ಲ. ಮೀಸೆ ಚಿಗುರುವ ಹೊತ್ತಿಗೆ ಬೆಂಗಳೂರಿನ ದಂಡು ಪ್ರದೇಶಕ್ಕೆ ಹೋಗಿ, ಒಬ್ಬ ಇಂಗ್ಲಿಷ್ ದೊರೆಯ ಬಂಗಲೆಯಲ್ಲಿ ಊಟದ ಮೇಜಿಗೆ ಬಡಿಸುವ ಕೆಲಸಕ್ಕೆ ಸೇರಿಕೊಂಡ. ಎಷ್ಟೋ ದೊಡ್ಡ ಮನುಷ್ಯರು ಅವನ ಕೈಯಿಂದ ಉಂಡರು, ಕುಡಿದರು. ದೊರೆ ದೇಶ ಬಿಟ್ಟು ಹೋದ ಮೇಲೆ ಹನುಮಂತಯ್ಯ ಕೆಂಗೇರಿಗೆ ಬಂದು, ರೈಲ್ವೆ ಸ್ಟೇಷನ್ನಿನ ಹತ್ತಿರ ಒಂದು ಮಿಲಿಟರಿ ಹೋಟೆಲು ಇಟ್ಟ. ಕೆಂಗೇರಿ ಸಂತೆಗೆ ಬಂದವರೆಲ್ಲ ಅಲ್ಲಿ ಮಾಂಸದ ಸಾರು, ಮುದ್ದೆ ಉಂಡು ಬಾಯಿ ಚಪ್ಪರಿಸುತ್ತಿದ್ದರು. ಬೈರಪ್ಪ ಮಾತ್ರ ಆ ಬೀದಿಯನ್ನೇ ಬಿಟ್ಟು ಸುತ್ತಿ ಬರುತ್ತಿದ್ದ.

ಆ ವರ್ಷ ಯುಗಾದಿಗೆ ಮುಂಚೆ ಹನುಮಂತಯ್ಯ ತಾನಾಗಿಯೇ ಮಲ್ಲತ್ತಹಳ್ಳಿಗೆ ನಡೆದುಕೊಂಡು ಬಂದ. ಜಗಲಿಯ ಮೇಲೆ ಕುಳಿತು ಹೇಳಿದ.

"ಅಣ್ಣ, ದೊರೆ ಹೋಗುವಾಗ ನಂಗೆ ಪೋರ್ಟ್ ವೈನಿನ ಬಾಟ್ಲಿ ಕೊಟ್ಟು ಹೋದ್ರು. ದ್ರಾಕ್ಷಿದು. ಅವ್ರ ಮಗ ಹುಟ್ಟಿದ ವರ್ಷದ್ದು. ಮಗ ದೊಡ್ಡೋನಾದ ಮೇಲೆ ಮನೇರೆಲ್ಲ ಕೂತು ಕುಡಿಯೋಣ ಅಂತ ತೆಗೆದಿಟ್ಟಿದ್ರು. ಆ ಹುಡುಗ ಯುದ್ಧಕ್ಕೆ ಹೋದೋನು ಬರ್ಲೇ ಇಲ್ಲ. 'ಇದನ್ನ ಒಬ್ಬನೇ ಕುಡೀಬೇಡ, ನಿನ್ನೋರೆಲ್ಲ ಇದ್ದಾಗ ತೆಗಿ' ಅಂದ್ರು. ನನ್ನೋರು ಅಂತ ನಂಗಿರೋನು ನೀನು. ಹೊಸತೊಡಕಿಗೆ ಬಾ. ನೀನು ಬರ್ದೆ ಇದ್ರೆ ನಾನು ಮುಚ್ಚಳ ತೆಗೆಯಲ್ಲ."

ಬೈರಪ್ಪನ ತಲೆ ಆಗಲೇ ಕೆಲಸ ಶುರುಮಾಡಿತ್ತು. ಇಷ್ಟು ವರ್ಷ ಇಲ್ಲದ್ದು ಈಗ ಯಾಕೆ? ಸರ್ಕಾರದವರು ಸುತ್ತಮುತ್ತ ಹೊಲಗಳಲ್ಲಿ ಸರಪಳಿ ಹಿಡಿದು ಅಳೆಯುತ್ತಿದ್ದಾರೆ. ಕುಡಿಸಿ, ಮತ್ತೇರಿಸಿ, ಯಾವುದಾದರೂ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡರೆ? ಒಳಗಿನಿಂದ ಲಿಂಗಮ್ಮ ಹೇಳಿದಳು.

"ನಾವು ಬರ್ತೀವಿ ಕಣಪ್ಪ. ಇವ್ರು ಬರ್ಲಿಲ್ಲ ಅಂದ್ರೆ ನಾನೊಬ್ಳೇ ಬರ್ತೀನಿ."

ಇವಳಿಗೇಕೆ ಇಷ್ಟು ಆತುರ ಎಂದು ಬೈರಪ್ಪ ಹೆಂಡತಿಯ ಕಡೆಗೂ ಒಮ್ಮೆ ಓರೆಗಣ್ಣಿನಿಂದ ನೋಡಿದ.

ಹೊಸತೊಡಕು ಎಂದರೆ ಯುಗಾದಿಯ ಮಾರನೆಯ ದಿನ, ಒಕ್ಕಲ ಮನೆಗಳಲ್ಲಿ ಮಾಂಸದಡಿಗೆಯ ದಿನ. ಅಂದು ಏನು ಮಾಡಿದರೂ ವರ್ಷವಿಡೀ ಅದೇ ಆಗುತ್ತದೆಂದು ನಂಬಿಕೆ. ನಕ್ಕರೆ ನಗು, ಜಗಳವಾಡಿದರೆ ಜಗಳ. ಆದ್ದರಿಂದ ಅಂದು ಯಾರೂ ಸಾಲ ಕೇಳುವುದಿಲ್ಲ, ಯಾರ ಮೇಲೂ ರೇಗುವುದಿಲ್ಲ. ಬೈರಪ್ಪ ಗಾಡಿ ಕಟ್ಟಿದ. ಬುತ್ತಿಯನ್ನೂ ಕಟ್ಟಿಸಿಕೊಂಡ.

ಹನುಮಂತಯ್ಯನ ಮನೆಯೊಳಗೆ ಕಾಲಿಟ್ಟಾಗ ಅವನಿಗೆ ಮೊದಲು ಕಂಡದ್ದು ಉರಿಯುವ ದೀಪ. ನಡುಮಧ್ಯಾಹ್ನದ ಹೊತ್ತಿನಲ್ಲಿ ಮೇಜಿನ ಮೇಲೆ ಮೇಣದ ಬತ್ತಿ! ಬಾಗಿಲು ಕಿಟಕಿ ಎಲ್ಲ ಹಾಕಿದ್ದರು. ಪಾನನಿರೋಧದ ಕಾಲ, ಹೊರಗಿನವರ ಕಣ್ಣಿಗೆ ಬೀಳಬಾರದಲ್ಲ ಎಂದು ಹನುಮಂತಯ್ಯನ ಹೆಂಡತಿ ರಾಮಮ್ಮ ಹೇಳಿದಳು. ಬೈರಪ್ಪ ಹೂಂ ಎಂದ, ನಂಬಲಿಲ್ಲ. ಗೋಡೆಗೆ ಒರಗಿ ಕುಳಿತಿದ್ದವನು ಮುನಿರಾಮಯ್ಯ, ರೈಲು ಹಳಿ ರಿಪೇರಿ ಮಾಡುವ ಗ್ಯಾಂಗಿನವನು, ಹನುಮಂತಯ್ಯನಿಗೆ ಪ್ರಾಣದ ಗೆಳೆಯ. ಅವನು ಸುಮ್ಮನೆ ನಗುತ್ತಿದ್ದ. ಯಾಕೆ ನಗುತ್ತಾನೆ ಎನ್ನುವುದು ಬೈರಪ್ಪನಿಗೆ ಇನ್ನೊಂದು ಚಿಂತೆಯಾಯಿತು.

ಹನುಮಂತಯ್ಯ ಕೋಣೆಯಿಂದ ಕಪ್ಪು ಬಾಟ್ಲಿಯನ್ನು ಅಲ್ಲಾಡಿಸದೆ ತಂದ. ಮುಚ್ಚಳ ತೆಗೆದ. ಗಾಜಿನ ಜಗ್ಗಿನ ಬಾಯಿಗೆ ತೆಳುವಾದ ಬಿಳಿ ಬಟ್ಟೆ ಹೊದಿಸಿ, ಬಾಟ್ಲಿಯ ಕುತ್ತಿಗೆಯನ್ನು ಬತ್ತಿಯ ಬೆಳಕಿಗೆ ಹಿಡಿದು, "ನಿಧಾನ, ನಿಧಾನ" ಎಂದು ತನಗೆ ತಾನೇ ಗೊಣಗುತ್ತ ಬಗ್ಗಿಸತೊಡಗಿದ. ದೀಪ, ಕಪ್ಪು ಬಾಟ್ಲಿ, ಬಿಳಿ ಬಟ್ಟೆ, ಬಾಯಲ್ಲಿ ಗೊಣಗಾಟ. ಮಾಟ ಮಾಡುವುದಕ್ಕೆ ಇನ್ನೇನು ಬೇಕು? ನೋಡುತ್ತಿದ್ದಂತೆಯೇ ಬಟ್ಟೆಯ ಮೇಲೆ ಕಪ್ಪಗೆ, ಲೋಳೆಯಾಗಿ ಏನೋ ನಿಂತಿತು. ಅಷ್ಟಕ್ಕೆ ಹನುಮಂತಯ್ಯ ಕೈ ತಡೆದು, ತಳದಲ್ಲಿ ಇನ್ನೂ ಸ್ವಲ್ಪ ಉಳಿದಿದ್ದ ಬಾಟ್ಲಿಯನ್ನು ಬಾಗಿಲ ಮೂಲೆಯಲ್ಲಿಟ್ಟ.

"ಅದ್ಯಾಕೆ ಬಿಟ್ಟೆ?" ಬೈರಪ್ಪ ಕೇಳಿದ.

"ಅದು ಗಸಿ ಅಣ್ಣ. ಕುಡಿಯೋ ಹಾಗಿಲ್ಲ."

ಬೈರಪ್ಪ ಆ ಬಾಟ್ಲಿಯ ಮೇಲೆ ಕಣ್ಣಿಟ್ಟ. ಸಾರಿನ ರುಚಿಯೆಲ್ಲ ತಳದಲ್ಲಿರುತ್ತದೆ, ಪಾತ್ರೆ ಬಗ್ಗಿಸಿ ತಳದ್ದನ್ನೇ ಹಾಕಿಸಿಕೊಳ್ಳುವ ಜನ ನಾವು. ಒಂದೇ ಬಾಟ್ಲಿಯಲ್ಲಿ ಮೇಲಿನದು ಕುಡಿಯುವುದಕ್ಕೆ, ತಳದ್ದು ಕುಡಿಯುವ ಹಾಗಿಲ್ಲ ಎಂದರೆ ಅದರ ಅರ್ಥವೇನು?

ಸಣ್ಣ ಗಾಜಿನ ಲೋಟಗಳು ತುಂಬಿದವು. ಕೆಂಪು ತಿರುಗಿ ಇಟ್ಟಿಗೆಯ ಬಣ್ಣಕ್ಕೆ ಬಂದಿತ್ತು ರಸ. ಒಣದ್ರಾಕ್ಷಿಯ, ಹಳೆಯ ಬೆಲ್ಲದ ವಾಸನೆ ಮನೆಯೆಲ್ಲ ಹರಡಿತು. ಮುನಿರಾಮಯ್ಯ ಒಂದು ಗುಟುಕು ಕುಡಿದು ಕಣ್ಣು ಮುಚ್ಚಿಕೊಂಡ. ರಾಮಮ್ಮ ಸೆರಗಿನ ಮರೆಯಲ್ಲಿ ಕುಡಿದಳು. ಹನುಮಂತಯ್ಯ ಅಣ್ಣನ ಲೋಟವನ್ನು ಅವನ ಕೈಗೆ ಕೊಡಲಿಲ್ಲ. ಅಂದು ನೀರಿನ ಚೊಂಬು ಇಟ್ಟಂತೆ ಎದುರಿಗೆ ನೆಲದ ಮೇಲಿಟ್ಟು ಹಿಂದಕ್ಕೆ ಸರಿದ. ಬೈರಪ್ಪ ಅದನ್ನು ಮುಟ್ಟಲಿಲ್ಲ. ಪಕ್ಕಕ್ಕೆ ತಿರುಗಿದರೆ ಲಿಂಗಮ್ಮನ ಲೋಟ ಖಾಲಿ!

"ಕುಡಿದ್ಬಿಟ್ಯಾ?"

"ಹೂಂ. ಎಷ್ಟ್ ಚೆನ್ನಾಗೈತೆ ನೋಡಿ. ಗಂಟ್ಲಲ್ಲಿ ಬೆಚ್ಚಗೆ ಇಳೀತದೆ."

ಅಪ್ಪನೂ ಅಂದು ಮಜ್ಜಿಗೆ ಕುಡಿದು ಚೆನ್ನಾಗಿದೆ ಎಂದಿದ್ದ. ಜಗತ್ತಿನಲ್ಲಿ ಬೈರಪ್ಪ ಕಣ್ಣು ಮುಚ್ಚಿ ಉಣ್ಣುತ್ತಿದ್ದ ಕೈ ಅದೊಂದೇ, ಲಿಂಗಮ್ಮನದು. ಅವಳಿಗೇನಾದರೂ ಆದರೆ ಅವನಿಗೆ ಬದುಕು ಬೇಡ. ಹೊರಗೆ ಹೋಗಿ ಬರುತ್ತೇನೆ ಎಂದು ಎದ್ದ. ಬಾಗಿಲ ಮೂಲೆಯ ಬಾಟ್ಲಿ ಯಾರೂ ನೋಡದಂತೆ ಅವನ ವಲ್ಲಿಯೊಳಗೆ ಸೇರಿತು.

ಕೆಂಗೇರಿಯ ಕೋಟೆ ಬೀದಿಯಲ್ಲಿ ನರಸಮ್ಮ ಎಂಬ ಮುದುಕಿ ಇದ್ದಳು. ಮದ್ದು ಬಿದ್ದಿದೆಯೋ ಇಲ್ಲವೋ ನೋಡಿ ಹೇಳುವುದು, ಬಿದ್ದಿದ್ದರೆ ಸೊಪ್ಪಿನ ರಸ ಕುಡಿಸಿ ಕಕ್ಕಿಸುವುದು ಅವಳ ಕಸುಬು. ಆ ಸುತ್ತಿನಲ್ಲಿ ಅದನ್ನು ಬಲ್ಲವಳು ಅವಳೊಬ್ಬಳೇ. ಬೈರಪ್ಪ ಏದುಸಿರು ಬಿಡುತ್ತ ಅವಳ ಮುಂದೆ ಬಾಟ್ಲಿ ಇಟ್ಟು, ಎಲ್ಲವನ್ನೂ ಹೇಳಿದ. ಮುದುಕಿ ನುಗ್ಗೆಸೊಪ್ಪು ಹೊಸಕಿ ರಸವನ್ನು ಅಂಗೈಗೆ ಹಿಂಡಿಕೊಂಡಳು. ಅದಕ್ಕೆ ಬಾಟ್ಲಿಯಿಂದ ಎರಡು ಹನಿ ಬೀಳಿಸಿದಳು. ಮದ್ದಿದ್ದರೆ ರಸ ಹೆಪ್ಪುಗಟ್ಟಬೇಕು. ಬೈರಪ್ಪ ಬಗ್ಗಿ ನೋಡಿದ. ರಸ ಅವಳ ಬೆರಳ ಸಂದಿನಿಂದ ನೀರಾಗಿ ಸೋರಿಹೋಯಿತು.

ನರಸಮ್ಮ ಅಂಗೈ ನೆಕ್ಕಿದಳು. ಸ್ವಲ್ಪ ಹೊತ್ತು ಯೋಚಿಸಿ ಬಾಟ್ಲಿಯನ್ನೇ ಎತ್ತಿ ಬಾಯಿಗೆ ಬಗ್ಗಿಸಿ, ಗಸಿಯನ್ನೆಲ್ಲ ಕುಡಿದು, ಹಲ್ಲಿಲ್ಲದ ಬಾಯನ್ನು ಸೆರಗಿನಿಂದ ಒರೆಸಿಕೊಂಡಳು.

"ಅಯ್ಯೋ ಅಜ್ಜಿ!"

"ಏನೂ ಆಗಲ್ಲ ಕಣ್ಲಾ. ಇನ್ನೈತಾ?"

ಬೈರಪ್ಪ ಅವಳ ಮುಖವನ್ನೇ ನೋಡುತ್ತ ಕುಳಿತ. ಅವಳು ನರಳಲಿಲ್ಲ, ಹೊಟ್ಟೆ ಹಿಡಿದುಕೊಳ್ಳಲಿಲ್ಲ. ಎಲೆಯಡಿಕೆ ಚೀಲ ಬಿಚ್ಚಿ ಅಡಿಕೆ ಕುಟ್ಟತೊಡಗಿದಳು. ಕುಟ್ಟುತ್ತ ಕುಟ್ಟುತ್ತ ಹೇಳಿದಳು.

"ನಿಮ್ಮಪ್ಪನ ಹಂಗೇ ಆಗೋದೆ ನೀನೂ. ಅವನೂ ಯಾರಿಗೂ ಹೇಳ್ದೆ ಕದ್ದುಮುಚ್ಚಿ ಬರ್ತಿದ್ದ ನನ್ನ ತಾವ."

"ಅಪ್ಪನಾ? ಯಾಕೆ?"

"ಹೊಟ್ಟೆನೋವಿಗೆ. ರಕ್ತ ಕಕ್ತಿದ್ದ ಕಣ್ಲಾ. ಸುಗ್ಗೀಲೇ ಶುರುವಾಗಿತ್ತು, ಆ ರಾಜಿ ಊಟಕ್ಕೆ ಎಷ್ಟೋ ಮುಂಚೆ. ಮನೇಲಿ ಹೇಳ್ಬೇಡ ಅಂತ ಆಣೆ ಹಾಕಿಸ್ಕೊಂಡಿದ್ದ. ಅವನು ಸತ್ತ ಮೇಲೆ ಹೇಳಾನ ಅಂತ ನಾನೇ ನಿಮ್ಮನೆ ಬಾಗಿಲಿಗೆ ಬಂದೆ. 'ದಾಯಾದಿಗಳ ಕಡೆಯೋಳು, ನಡಿ ಆಚೆಗೆ' ಅಂತ ಬಾಗಿಲು ಹಾಕ್ದೋನು ಯಾರು? ಜ್ಞಾಪಕ ಮಾಡ್ಕೊ."

ಬೈರಪ್ಪನಿಗೆ ಜ್ಞಾಪಕವಿತ್ತು. ಬಾಗಿಲು ಹಾಕಿದ ಸದ್ದೂ ಜ್ಞಾಪಕವಿತ್ತು. ಬಾಗಿಲಲ್ಲಿ ನಿಂತು, ತಾನು ಬಾಳೆಯ ಬುಡಕ್ಕೆ ನೀರು ಸುರಿಯುವುದನ್ನು ನೋಡುತ್ತಿದ್ದ ಹುಡುಗನ ಮುಖವೊಂದೇ ಕಣ್ಣಿಗೆ ಕಟ್ಟಿತು. ಖಾಲಿ ಬಾಟ್ಲಿಯನ್ನು ಈ ಸಲ ಮುಚ್ಚಿಟ್ಟುಕೊಳ್ಳದೆ ಕೈಯಲ್ಲೇ ಹಿಡಿದು ಹೊರಟ.

ತಮ್ಮನ ಮನೆಯಲ್ಲಿ ಅಷ್ಟರಲ್ಲಿ ಹೊಸತೊಡಕು ಕೆಟ್ಟುಹೋಗಿತ್ತು. ದೊರೆಯ ನೆನಪಿಗೆ ಇರಲಿ ಎಂದು ಹನುಮಂತಯ್ಯ ಬಾಟ್ಲಿ ಹುಡುಕಿದ್ದ, ಅದು ಸಿಕ್ಕಿರಲಿಲ್ಲ. ಸೀಮೆ ಬಾಟ್ಲಿಗೆ ಒಳ್ಳೆ ಗಿರಾಕಿ ಇದೆ ಎಂದು ಮುನಿರಾಮಯ್ಯ ಯಾವಾಗಲೋ ತಮಾಷೆಗೆ ಅಂದಿದ್ದ. ರಾಮಮ್ಮ ಆ ಮಾತನ್ನು ಈಗ ಎತ್ತಿ ಆಡಿದ್ದಳು. ಮುನಿರಾಮಯ್ಯ ಉಣ್ಣದೆ ಎದ್ದು, ಬಾಗಿಲಲ್ಲಿ ನಿಂತು ಮೆಟ್ಟು ಹಾಕಿಕೊಳ್ಳುತ್ತಿದ್ದ. ಅವನ ಕಣ್ಣಿನಲ್ಲಿ ನೀರಿತ್ತು.

ಬೈರಪ್ಪ ಅವನ ರಟ್ಟೆ ಹಿಡಿದು ಒಳಗೆ ಎಳೆದುಕೊಂಡು ಬಂದ. ಬಾಟ್ಲಿಯನ್ನು ಎಲ್ಲರ ನಡುವೆ ಇಟ್ಟ.

"ಇವನಲ್ಲ ಕಣಮ್ಮ. ನಾನು. ನರಸಮ್ಮನ ತಾವ ತಗೊಂಡು ಹೋಗಿದ್ದೆ."

ಕೆಂಗೇರಿಯಲ್ಲಿ ನರಸಮ್ಮನ ಕಸುಬು ಗೊತ್ತಿಲ್ಲದವರು ಯಾರಿದ್ದಾರೆ? ಹನುಮಂತಯ್ಯ ಬಾಟ್ಲಿಯನ್ನು ಎತ್ತಿ ಗೋಡೆಯ ಪಕ್ಕಕ್ಕಿಟ್ಟ. ಅಷ್ಟು ವರ್ಷ ಆಡದೆ ನುಂಗಿಕೊಂಡಿದ್ದ ಮಾತು ಆಗ ಬಾಯಿಗೆ ಬಂತು.

"ಅವತ್ತು ನಾನು ಸಣ್ಣ ಹುಡುಗ ಅಣ್ಣ. ಅಪ್ಪ ಕೇಳ್ತು, ತಂದ್ಕೊಟ್ಟೆ. ಚೆಲ್ಲಬಾರ್ದು ಅಂತ ಎರಡು ಕೈಲೂ ಹಿಡ್ಕೊಂಡು ಬಂದೆ. ಅಷ್ಟೇ ನಾನು ಮಾಡಿದ್ದು. ಇವತ್ತೂ ನಿಂಗೆ ಅನುಮಾನ ಇದ್ರೆ ಇರ್ಲಿ, ನಿನ್ನ ಲೋಟದ್ದು ನಾನೇ ಮೊದ್ಲು ಕುಡಿದು ತೋರಿಸ್ತೀನಿ."

ಬೈರಪ್ಪನ ಲೋಟ ಇಟ್ಟಲ್ಲೇ ಇತ್ತು. ನೊಣ ಬೀಳದಿರಲೆಂದು ಯಾರೋ ಅದರ ಮೇಲೆ ಸಾಸರು ಮುಚ್ಚಿದ್ದರು. ಹನುಮಂತಯ್ಯ ಬಗ್ಗಿ ಅದನ್ನು ಎತ್ತಿಕೊಂಡು ತುಟಿಗೆ ತರುವಷ್ಟರಲ್ಲಿ ಬೈರಪ್ಪ ಅವನ ಮಣಿಕಟ್ಟು ಹಿಡಿದ.

"ನೀನು ಕುಡೀಬೇಡ. ನಂಗೆ ಕೊಡು. ಕೆಳಗಿಡ್ಬೇಡ, ಕೈಗೆ ಕೊಡು."

ದೊರೆಗಳ ಮೇಜಿನಲ್ಲಿ ಒಂದು ತೊಟ್ಟೂ ಚೆಲ್ಲದೆ ಬಡಿಸಿದ ಕೈ ಅದು. ಈಗ ಅರ್ಧ ಲೋಟ ಬೈರಪ್ಪನ ಬಿಳಿ ಪಂಚೆಯ ಮೇಲೆ ಚೆಲ್ಲಿತು. ಉಳಿದದ್ದನ್ನು ಬೈರಪ್ಪ ಕುಡಿದ. ಸಿಹಿಯಾಗಿತ್ತು, ಒಗರಾಗಿತ್ತು, ಗಂಟಲಲ್ಲಿ ಬೆಚ್ಚಗೆ ಇಳಿಯಿತು. ಹುಟ್ಟಿದ ಮೇಲೆ ಎಂದೂ ಮುಖಕ್ಕೆ ಮುಖ ಕೊಟ್ಟು ತಪ್ಪಾಯಿತು ಎಂದವನಲ್ಲ ಅವನು. ಅಂದೂ ಅನ್ನಲಿಲ್ಲ. ನರಸಮ್ಮ ಹೇಳಿದ್ದನ್ನು ಹೇಳಲು ಬಾಯಿ ತೆರೆದ, ಆಗಲಿಲ್ಲ. ಬುತ್ತಿಯ ಗಂಟನ್ನು ಲಿಂಗಮ್ಮನ ಕಡೆಗೆ ತಳ್ಳಿ, ಮುನಿರಾಮಯ್ಯನ ಪಕ್ಕದಲ್ಲಿ ಚಕ್ಕಂಬಟ್ಟಲು ಹಾಕಿಕೊಂಡು ಕುಳಿತ.

"ಎಲೆ ಹಾಕಮ್ಮ ರಾಮಮ್ಮ," ಎಂದ. ಆಮೇಲೆ ತಮ್ಮನ ಮುಖ ನೋಡದೆ, ನೆಲ ನೋಡುತ್ತ ಹೇಳಿದ. "ಮಾಂಸ, ಮುದ್ದೆ ಯಾರಾದ್ರೂ ಬಡಿಸ್ಲಿ. ಕೊನೇಲಿ ಮಜ್ಜಿಗೆ ಮಾತ್ರ ನೀನೇ ತಂದ್ಕೊಡು, ಹನುಮ."

ಹನುಮಂತಯ್ಯ ಅಡಿಗೆ ಮನೆಯೊಳಗೆ ಹೋದ. ಊಟ ಮುಗಿಯುವವರೆಗೂ ಆಚೆಗೆ ಬರಲಿಲ್ಲ. ಬಂದಾಗ ಮುಖ ತೊಳೆದುಕೊಂಡಿದ್ದ, ಮಜ್ಜಿಗೆಯ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದ.