ಗೆರೆ ಅಕ್ಕ ಬರೆದ ಎಪ್ಪತ್ತೊಂದು

ಇದರಲ್ಲಿ ಒಂದಕ್ಷರ ಸುಳ್ಳಿದ್ದರೂ ನನ್ನ ಹತ್ತನೇ ತರಗತಿಯ ಅಂಕಪಟ್ಟಿಯನ್ನು ಊರಿಗೆಲ್ಲ ತೋರಿಸಿ. ಅದಕ್ಕಿಂತ ದೊಡ್ಡ ಶಿಕ್ಷೆ ನನಗೆ ಗೊತ್ತಿಲ್ಲ.

ಬೆಳಗಿನ ಆರು ಗಂಟೆ. ಪರೀಕ್ಷಾ ಕಚೇರಿಯ ಎರಡನೇ ಮಹಡಿಯಲ್ಲಿ ಒಂದೇ ಕಿಟಕಿ ತೆರೆದಿದೆ. ಅದರ ಪಕ್ಕ ಗೆರೆ ಅಕ್ಕ ಮಕ್ಕಳ ನೋಟ್‌ಬುಕ್ಕುಗಳನ್ನು ತಾರೀಖಿನ ಪ್ರಕಾರ ಜೋಡಿಸುತ್ತಿದ್ದಾರೆ. ಅವರ ಬಗ್ಗೆ ಬರೆಯಲೆಂದು ಬಂದ ನಾನು ಎದುರಿಗೆ ಕೂತಿದ್ದೇನೆ. ಹತ್ತಾದರೆ ಫ್ಯಾನು, ಫೋನು, ಸಾಹೇಬರು ಮೂರೂ ಶುರುವಾಗುತ್ತವೆ, ಓದಲು ಬಿಡುವುದಿಲ್ಲ. ಸಾಹೇಬರ ಕೋಣೆಯಲ್ಲಿ ಕಡತಗಳ ನಡಿಗೆ ಹೇಗೆಂದರೆ, ಒಂದರ ಮೇಲೆ ಪಾರಿವಾಳ ಗೂಡು ಕಟ್ಟಿ, ಮರಿ ಮಾಡಿ, ಆ ಮರಿಯೂ ದೊಡ್ಡದಾಗಿ ಅಲ್ಲೇ ಬಂದು ಮೊಟ್ಟೆಯಿಟ್ಟ ಮೇಲೆ ಸಹಿ ಬಿತ್ತು. ಅಕ್ಕನ ಮೇಜಿನಲ್ಲಿ ಮಾತ್ರ ಯಾವ ಕಡತವೂ ಮೂರು ದಿನ ದಾಟುವುದಿಲ್ಲ.

ಕಾಯಿಲೆ ಬಿದ್ದು ಪರೀಕ್ಷೆಗೆ ಕೂರಲಾಗದ ಮಕ್ಕಳ ವರ್ಷದ ಬರವಣಿಗೆ ನೋಡಿ ಅಂಕ ನಿರ್ಧರಿಸುವುದು ಅವರ ಕೆಲಸ. ಈ ವರ್ಷ ನಲವತ್ತಮೂರು ಮಕ್ಕಳು, ದಿನಕ್ಕೆ ಹನ್ನೊಂದು ನೋಟ್‌ಬುಕ್ಕು. ಇಪ್ಪತ್ತಾರು ವರ್ಷದಿಂದ ಇದೇ ಕುರ್ಚಿ. ಅದರ ಒಂದು ಕಾಲು ಅವರಿಗಿಂತ ಮೊದಲೇ ನಿವೃತ್ತಿ ಪಡೆದಿದೆ.

ಹಿಂದಿನವರು ಕಿರುಪರೀಕ್ಷೆಗಳನ್ನೆಲ್ಲ ಕೂಡಿ ಭಾಗಿಸಿ ಕೈತೊಳೆದುಕೊಳ್ಳುತ್ತಿದ್ದರು. ಜ್ವರದಲ್ಲಿ ಬರೆದ ಪುಟವೂ ಲೆಕ್ಕಕ್ಕೆ ಬಂದು ಮಗುವಿನ ಅಂಕವನ್ನು ಕೆಳಗೆಳೆಯುತ್ತಿತ್ತು. ಅಕ್ಕ ಕೈಬರಹ ನೋಡುತ್ತಾ ಹೋಗುತ್ತಾರೆ. ಅಕ್ಷರ ಸಾಲು ಬಿಟ್ಟು ಜಾರಲು ಶುರುವಾದ ಕಡೆ ಪೆನ್ಸಿಲ್ಲಿನಲ್ಲೊಂದು ಗೆರೆ. ಗೆರೆಗಿಂತ ಮುಂಚಿನದಕ್ಕಷ್ಟೇ ಅಂಕ. ವೈದ್ಯರ ಚೀಟಿ ನೋಡುವುದು ಆಮೇಲೆ.

"ಚೀಟಿಗಿಂತ ಗೆರೆನೇ ಯಾವಾಗ್ಲೂ ಮೊದ್ಲು. ಮನೆಯವರಿಗೆ ಗೊತ್ತಾಗೋ ಮುಂಚೆ ಕೈಗೆ ಗೊತ್ತಾಗಿರತ್ತೆ," ಎನ್ನುತ್ತಾರೆ.

ಇನ್ನೊಂದು ಕಾಟ ಕನಿಕರದ್ದು. ಹೋದ ವರ್ಷ ರಕ್ತದ ಕಾಯಿಲೆಯ ಹುಡುಗಿಯೊಬ್ಬಳಿಗೆ ಗಣಿತದ ಮೇಷ್ಟ್ರು ಕಣ್ಣೀರು ಒರೆಸಿಕೊಂಡು ತೊಂಬತ್ತೆಂಟು ಶಿಫಾರಸು ಮಾಡಿದ್ದರು. ಅಕ್ಕ ನೋಟ್‌ಬುಕ್ಕು ನೋಡಿ ಎಪ್ಪತ್ತೊಂದು ಬರೆದರು. ಹುಡುಗಿಯ ಅಮ್ಮ ಕಚೇರಿಗೇ ಬಂದು, ನಿಮಗೆ ಕರುಳು ಅಂತ ಒಂದಿದೆಯಾ ಎಂದು ಕೇಳಿದರಂತೆ. ಅಕ್ಕ ಕುಡಿಯಲು ನೀರು ಕೊಟ್ಟರು, ಆಸ್ಪತ್ರೆಯ ಹಾಸಿಗೆ ನಂಬರು ಕೇಳಿಕೊಂಡರು, ಮಾರನೇ ಬೆಳಿಗ್ಗೆ ನೋಟ್‌ಬುಕ್ಕಿನ ಸಮೇತ ಹೋದರು.

ಹುಡುಗಿ ಪುಟ ತಿರುವಿ, ಗೆರೆಯ ಮೇಲೆ ಬೆರಳಿಟ್ಟಳು. ಆಮೇಲೆ ಅಮ್ಮನಿಗೆ ಹೇಳಿದಳು: "ಎಪ್ಪತ್ತೊಂದು ನಂದು ಕಣಮ್ಮ. ತೊಂಬತ್ತೆಂಟು ಕಾಯಿಲೇದು."

ಅಕ್ಕ ಹೊರಡುವಾಗ ಸೆರಗು ಹಿಡಿದು ಇನ್ನೊಂದು ಮಾತು: "ಆಂಟಿ, ಪರೀಕ್ಷೆ ರೂಮಲ್ಲಿ ನಂಗೂ ಒಂದ್ಸಲ ಕೂರಬೇಕು. ನನ್ನ ನಂಬರ್ ಅಂಟಿಸಿರೋ ಬೆಂಚಲ್ಲಿ."

ಹೀಗೆ ಅಂಕ ಪಡೆದವರು ಮತ್ತೆ ಬರೆಯುವಂತಿರಲಿಲ್ಲ. ಅಕ್ಕ ಅರ್ಜಿ ಹಾಕಿದರು. ಪಾರಿವಾಳ ಸಂಸಾರ ಹೂಡಿದ್ದು ಅದರ ಮೇಲೇ. ಅಪ್ಪಣೆಗೆ ಕಾಯದೆ, ಕೆಳಗಿನ ಸಭಾಂಗಣದಲ್ಲಿ ಮರುಪರೀಕ್ಷೆ ನಡೆದಾಗಲೆಲ್ಲ ಕಿಟಕಿ ಪಕ್ಕದ ಬೆಂಚಿಗೆ ಅಕ್ಕನೇ ಆ ನಂಬರು ಅಂಟಿಸಿದರು. ಮೂರು ಸಲವೂ ಅಪ್ಪಣೆ ಬರಲಿಲ್ಲ, ಬೆಂಚು ಖಾಲಿ. ಸಂಜೆ ನಂಬರಿನ ಚೀಟಿ ಹರಿಯದಂತೆ ಬಿಡಿಸಿ ಡ್ರಾಯರಿನಲ್ಲಿಟ್ಟರು.

ಅಪ್ಪಣೆ ಈಗ ಬಂದಿದೆ. ಬರೆದರೆ ಎಪ್ಪತ್ತೊಂದು ರದ್ದು, ಬರೆದದ್ದಷ್ಟೇ ನಿಲ್ಲುತ್ತದೆ. ಹುಡುಗಿ ಒಪ್ಪಿ ಸಹಿ ಹಾಕಿದ್ದಾಳೆ. ಪರೀಕ್ಷೆ ಇವತ್ತು ಒಂಬತ್ತಕ್ಕೆ. ಮೊನ್ನೆ ಮತ್ತೆ ಜ್ವರ ಬಂದಿತ್ತಂತೆ. ಆಮೇಲೆ ಸುದ್ದಿಯಿಲ್ಲ.

ಎಂಟೂವರೆ. ಬೆಂಚು ಒರೆಸಿ ಬಂದ ಅಕ್ಕ ನೋಟ್‌ಬುಕ್ಕು ತೆರೆದಿದ್ದಾರೆ, ಪುಟ ತಿರುಗುತ್ತಿಲ್ಲ. ನಿಮಗೇನು ಆಸೆ ಎಂದು ಕೇಳುತ್ತೇನೆ.

"ಖಾಲಿ ಬೆಂಚು ನೋಡಿ ನೋಡಿ ಸಾಕಾಗಿದೆ. ಅವಳು ಬಂದು ಕೂತ್ಕೊಳ್ಲಿ. ಬೇಕಾದ್ರೆ ಫೇಲಾಗ್ಲಿ."

ಸಮಾಧಾನಕ್ಕೆಂದು ನಾನು, ನನ್ನ ಗಣಿತದ ಉತ್ತರಪತ್ರಿಕೆಯನ್ನು ಹಸು ತಿಂದ ಕಥೆ ಶುರುಮಾಡುತ್ತೇನೆ. ಕೆಳಗೆ ಗೇಟಿನ ಹತ್ತಿರ ಗಾಡಿಯೊಂದು ನಿಂತ ಸದ್ದು. ಯಾರೋ ನಿಧಾನವಾಗಿ, ಬಹಳ ನಿಧಾನವಾಗಿ ಇಳಿಯುತ್ತಿದ್ದಾರೆ. ಅಕ್ಕನ ಪೆನ್ಸಿಲ್ಲು ಉರುಳಿ ನೆಲಕ್ಕೆ ಬೀಳುತ್ತದೆ. ಮೆಟ್ಟಿಲ ಮೇಲೆ ಅಕ್ಕನ ಚಪ್ಪಲಿ ಸದ್ದು ದೂರವಾಗುತ್ತದೆ.

"ಆ ಹಸು ಏನಾಯ್ತು ಗೊತ್ತಾ ಅಕ್ಕ, ಮಾರನೇ ವರ್ಷ ಅದು ಮೊದಲನೇ ದರ್ಜೆಲಿ..."