ಹುಲ್ಡಾಳ ಬಿಳಿ

ಸಿನಿಮಾ ಇನ್ನೂ ಕಪ್ಪುಬಿಳುಪಾಗಿದ್ದ ಕಾಲ. ಹಾಲಿವುಡ್ಡಿನ ಸ್ಟುಡಿಯೊದಲ್ಲಿ ಗುಂಡಿ ಹೊಲಿಯಲು ಸೇರಿದ ಹುಲ್ಡಾ, ಇಪ್ಪತ್ತೆರಡು ವರ್ಷದಲ್ಲಿ ದೊಡ್ಡ ದೊಡ್ಡ ನಟಿಯರ ಉಡುಪನ್ನು ತಾನೇ ರೂಪಿಸುವ ಮಟ್ಟಕ್ಕೆ ಏರಿದ್ದಳು. ಪರದೆಯ ಮೇಲೆ ನೂರಾರು ಮದುವಣಗಿತ್ತಿಯರನ್ನು ಸಿಂಗರಿಸಿ ಮುಗಿಯುವಷ್ಟರಲ್ಲಿ ತನಗೇ ನಲವತ್ತೊಂದಾಗಿತ್ತು. ಆಗ ಮದುವೆ ಕೂಡಿಬಂತು. ವರ, ಅದೇ ಸ್ಟುಡಿಯೊದಲ್ಲಿ ದೀಪ ಹಿಡಿಯುವ ಆರ್ಲೋ.

ಒಪ್ಪದವಳು ಅವನ ತಾಯಿ ಕೋರಾ. ಬೇಕರ್ಸ್‌ಫೀಲ್ಡಿನಲ್ಲಿ ಊರವರ ಬಟ್ಟೆ ಒಗೆದೇ ಮಗನನ್ನು ಸಾಕಿದವಳು. ಅವಳು ನೀಲಿ ಹಾಕಿ ಒಣಗಿಸಿದ ಹೊದಿಕೆ ನೋಡಲು ಕಣ್ಣು ಕಿರಿದು ಮಾಡಿಕೊಳ್ಳಬೇಕಿತ್ತು. ಸಿನಿಮಾದ ಹೆಂಗಸರೆಂದರೆ ಅವಳಿಗೆ ಅಷ್ಟಕ್ಕಷ್ಟೆ. ಕೊನೆಗೊಂದು ಷರತ್ತಿಗೆ ಇಳಿದಳು: ಹುಡುಗಿ ಅಚ್ಚ ಬಿಳಿ ತೊಟ್ಟು ಬಂದರೆ ಸೊಸೆ ಎನ್ನುತ್ತೇನೆ, ಇಲ್ಲವಾದರೆ ಇಲ್ಲ. ಹುಲ್ಡಾಳಿಗೆ ಅದು ನೀರು ಕುಡಿದಷ್ಟು ಸುಲಭವೆನಿಸಿತು.

ಅಲ್ಲೇ ಎಡವಟ್ಟಾಯಿತು. ಅಚ್ಚ ಬಿಳಿ ಕ್ಯಾಮೆರಾದ ಮುಂದೆ ಪ್ರಜ್ವಲಿಸಿ ಮುಖವನ್ನೇ ನುಂಗಿಬಿಡುತ್ತದೆಂದು ಸ್ಟುಡಿಯೊದಲ್ಲಿ ಬಿಳಿ ಬಟ್ಟೆಯನ್ನೆಲ್ಲ ಟೀ ಡಿಕಾಕ್ಷನ್ನಿನಲ್ಲಿ ಅದ್ದುತ್ತಿದ್ದರು. ಅಲ್ಲಿನವರಿಗೆ ಬಿಳಿಯೆಂದರೆ ಅದೇ. ಹುಲ್ಡಾಳ ಕೈ ಅವಳನ್ನು ಕೇಳದೆ ಮದುವೆ ಬಟ್ಟೆಯನ್ನೂ ಟೀ ಹಂಡೆಗೆ ಇಳಿಸಿತು. ಅವಳ ಕಣ್ಣಿಗಂತೂ ಅದು ಹಾಲಿನಂತೆಯೇ ಕಂಡಿತು.

ತಾನೇ ಒಗೆದು ಗಂಜಿ ಹಾಕಿದ ಬಿಳಿ ಕೋಟು ತೊಟ್ಟು ಚರ್ಚಿನ ಬಾಗಿಲಲ್ಲಿ ನಿಂತಿದ್ದ ಕೋರಾ, ಹುಲ್ಡಾಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

“ಒಗೆಯೋಕೆ ನನಗೆ ಕೊಟ್ಟಿದ್ರೆ ಆಗ್ತಿರಲಿಲ್ವೇನಮ್ಮಾ?”

ಬಿಸಿಲಿನಲ್ಲಿ ಆ ಕೋಟಿನ ಪಕ್ಕ ತನ್ನ ಬಟ್ಟೆಯ ಮಾಸಲು ಬಣ್ಣ ನೋಡಿಕೊಂಡ ಹುಲ್ಡಾಳಿಗೆ ಭೂಮಿ ಬಾಯಿಬಿಡಬಾರದೇ ಎನಿಸಿತು. ಅಷ್ಟು ವರ್ಷದ ಕಸುಬು ಸ್ವಂತ ಮದುವೆಯ ದಿನವೇ ಕೈಕೊಟ್ಟಿತ್ತು. ಕೋರಾ ಫೋಟೊಗೆ ನಿಂತಳು, ಕೇಕಿಗೆ ನಿಲ್ಲಲಿಲ್ಲ. ಆಮೇಲೆ ಮೂರು ವಾರ ಒಂದು ಕಾಗದವೂ ಇಲ್ಲ. ಹುಲ್ಡಾ ಸ್ನಾನದ ಮನೆಯಲ್ಲಿ ಬಾಗಿಲು ಹಾಕಿಕೊಂಡು ಅತ್ತಳು.

ಮದುವೆಯ ಫೋಟೊ ಬಂದಾಗ ಆರ್ಲೋ ಒಂದು ಪ್ರತಿಯನ್ನು, ಟೀಯ ಕಥೆ ಬರೆದು, ತಾಯಿಗೆ ಕಳಿಸಿದ. ಮುಂದಿನ ಭಾನುವಾರ ಕೋರಾ ಬಸ್ಸಿಳಿದು ನೇರ ಹುಲ್ಡಾಳ ಅಡುಗೆಮನೆಗೇ ಬಂದು ಫೋಟೊವನ್ನು ಮೇಜಿನ ಮೇಲಿಟ್ಟಳು. ಅದರಲ್ಲಿ ಹುಲ್ಡಾ ಈಗಷ್ಟೇ ಕರೆದ ಹಾಲಿನ ಹಾಗೆ ನಿಂತಿದ್ದಳು, ಒಂದೊಂದು ನೆರಿಗೆಯನ್ನೂ ಎಣಿಸಬಹುದಿತ್ತು. ಪಕ್ಕದಲ್ಲಿ ಕೋರಾ ನಿಂತಿದ್ದ ಕಡೆ ಮೇಲೊಂದು ಟೋಪಿ, ಕೆಳಗೆರಡು ಬೂಟು, ನಡುವೆ ಬರೀ ಬೆಳಕು. ಗಲ್ಲವೂ ಇಲ್ಲ, ಮೂಗೂ ಇಲ್ಲ.

“ಊರೋರಿಗೆಲ್ಲ ತೋರಿಸ್ದೆ. ನಿನ್ನ ಸೊಸೆ ಬಟ್ಟೆ ಏನು ಬಿಳಿ ಅಂದ್ರು. ಪಕ್ಕದಲ್ಲಿರೋದು ಯಾರು ಅಂದ್ರು.”

ಹುಲ್ಡಾ ನಗು ತಡೆಯಲು ತುಟಿ ಕಚ್ಚಿಕೊಂಡಳು. ಕೋರಾ ಚೀಲದಿಂದ ಬಿಳಿ ಕೋಟು ತೆಗೆದು ಅವಳ ಮಡಿಲಿಗೆ ಹಾಕಿ, ತನ್ನ ಅಂಗಿಯ ತೋಳು ಮಡಚಿ ಒಲೆಯ ಕಡೆ ತಿರುಗಿದಳು.

“ಟೀ ಎಷ್ಟು ಹೊತ್ತು ಕುದೀಬೇಕು, ಸೊಸೆ?”