ಇಪ್ಪತ್ತೆಂಟರ ಮೇಜಿನಲ್ಲಿ ನನ್ನ ಕಿವಿ

ಅರಸೀಕೆರೆಗೆ ವರ್ಗವಾಗಿ ಬಂದ ಹೊಸತರಲ್ಲಿ ಅಲ್ಲಿನ ಇಸ್ಪೀಟ್ ಟೂರ್ನಮೆಂಟಿಗೆ ಹೆಸರು ಕೊಟ್ಟೆ. ಆಟ ಇಪ್ಪತ್ತೆಂಟು, ಜೋಡಿಯಾಗಿ ಆಡಬೇಕು, ಜೊತೆಗಾರನಿಗೆ ಸನ್ನೆ ಮಾಡಿದರೆ ಇಬ್ಬರೂ ಔಟ್. ನಾಲ್ಕನೇ ಆಟದಲ್ಲಿ ಎದುರಾಳಿ, ಕೊಬ್ಬರಿ ಮಂಡಿಯ ಹಿರಿಯರೊಬ್ಬರು, ಎಲೆ ಮಗುಚಿಟ್ಟು ಗುಡುಗಿದರು: “ರೀ ಹೊಸಬ್ರೇ, ಗಳಿಗೆಗೊಂದ್ಸಲ ಕಿವಿ ಮುಟ್ಕೊಂತೀರಲ್ಲ, ಏನದು ಸನ್ನೆ? ಮೂವತ್ತು ವರ್ಷದಿಂದ ಆಡ್ತಾ ಇದೀನಿ, ಇವೆಲ್ಲ ನಂಗೆ ಗೊತ್ತಿಲ್ವಾ?”

ಬರೀ ತುರಿಕೆ ಅಂದರೆ ಯಾರು ನಂಬುತ್ತಾರೆ? ತೀರ್ಪುಗಾರರು ನನ್ನ ಜೊತೆಗಾರರಾದ ಮೇಷ್ಟ್ರ ಕಡೆ ನೋಡಿದರು.

“ಮೊದಲನೇ ಆಟದಿಂದ್ಲೂ ಮುಟ್ಕೊಂತಾನೇ ಅವ್ರೆ ಸ್ವಾಮಿ,” ಅಂದರು ಮೇಷ್ಟ್ರು. “ಮೂರೂ ಸೋತಿದೀವಿ.”

ಹಿರಿಯರು ಎಲೆ ಎತ್ತಿಕೊಂಡರು. “ಓ, ಹಂಗಾ! ಮುಟ್ಕೊಳ್ಳಿ, ಮುಟ್ಕೊಳ್ಳಿ.”

ಅಷ್ಟರಲ್ಲಿ ತುರಿಕೆಯೇ ನಿಂತುಹೋಗಿತ್ತು. ಆದರೂ ಹಿರಿಯರ ಮಾತಿಗೆ ಮರ್ಯಾದೆ ಕೊಟ್ಟು ಒಂದು ಸಲ ಮುಟ್ಟಿಕೊಂಡೆ.